ಅರ್ಧಕ್ಕೆ ನಿಂತ ಹೊಲಿಗೆ

ಡಾಕ್ಟರ್ ಬಾಯಿ ನಮ್ಮ ಅಂಗಡಿಗೆ ಬಂದದ್ದು ಬ್ಲೌಸು ಹೊಲಿಸಲು ಎಂದುಕೊಂಡಿದ್ದೆ. ಧಾರವಾಡದಿಂದ ವಾರಕ್ಕೊಮ್ಮೆ ಬೈಲಹೊಂಗಲಕ್ಕೆ ಬಂದು ಮಕ್ಕಳನ್ನು ನೋಡಿ ಹೋಗುವ ಡಾಕ್ಟರು ಅವರು. ಚೀಲದಿಂದ ಬಟ್ಟೆಯ ಬದಲು ಒಂದು ಚಿತ್ರ ತೆಗೆದು, ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸಿದರು. ಅದು ಏನೆಂದು ತಿಳಿದ ಕೂಡಲೇ ನಾನು ಅಳತೆಪಟ್ಟಿ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ. ಅಳತೆಪಟ್ಟಿ ನನ್ನ ಕೊರಳಲ್ಲೇ ಇತ್ತು.

ನನ್ನ ಹೆಂಡತಿ ಮಶಿನ್ ನಿಲ್ಲಿಸಿ ಎದ್ದು ಬಂದಳು. ಚಿತ್ರವನ್ನು ಒಮ್ಮೆ ನೆಟ್ಟಗೆ ಹಿಡಿದು, ಒಮ್ಮೆ ತಲೆಕೆಳಗು ಮಾಡಿ ನೋಡಿದಳು.

"ಇದು ಗಂಡ ಕೂಸಿಂದೇನ್ರಿ?"

"ಇನ್ನೂ ಯಾವುದೂ ಅಲ್ಲ," ಎಂದರು ಡಾಕ್ಟರ್ ಬಾಯಿ. "ಹೊಟ್ಟ್ಯಾಗಿನ ಎರಡು ತಿಂಗಳ ಕೂಸಿಂದು. ಹುಡುಗ ಆದ್ರೂ ಹಿಂಗ, ಹುಡುಗಿ ಆದ್ರೂ ಹಿಂಗ. ಇಬ್ಬರಿಗೂ ಒಂದ ಬಟ್ಟಿ."

"ಕಟಿಂಗ್ ಬ್ಯಾರೆ?"

"ಕಟಿಂಗೂ ಒಂದ. ಹೊಲಿಗಿ ಅಷ್ಟ ಬ್ಯಾರೆ."

ಆಕೆ ಸ್ಟೂಲು ಎಳೆದು ಅವರ ಮುಂದೆ ಇಟ್ಟಳು. "ಕುಂತು ಹೇಳ್ರಿ ಹಂಗಾರ," ಎಂದಳು.

ನನ್ನ ಹೆಂಡತಿ ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ಆಕೆಯ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ನಾನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ, ಅದೂ ಹತ್ತನೆಯವರೆಗೆ. ಆಕೆ ಮಾಡಿದ ಒಂದು ಕೆಲಸದ ಬಗ್ಗೆ ಬರೆಯಬಲ್ಲೆ, ಏಕೆಂದರೆ ಅದರಲ್ಲಿ ನಾನೂ ಪಾಲುದಾರ. ನಮ್ಮ ಅಂಗಡಿಯಲ್ಲಿ ಕತ್ತರಿ ನನ್ನದು, ಮಶಿನ್ ಆಕೆಯದು. ಅಳತೆ, ಗುರುತು, ಕಟಿಂಗ್ ನಾನು ಮಾಡುತ್ತಿದ್ದೆ. ಹೊಲಿಗೆ, ಕಾಲರು, ಜಿಪ್ಪು ಆಕೆ. ಜಿಪ್ಪು ಇಡುವುದರಲ್ಲಿ ಬಜಾರದಲ್ಲೇ ಆಕೆಯಂಥ ಕೈ ಇರಲಿಲ್ಲ. ನಾನು ಇಟ್ಟ ಜಿಪ್ಪು ಹಾವಿನಂತೆ ಹರಿಯುತ್ತಿತ್ತು.

ಡಾಕ್ಟರ್ ಬಾಯಿ ಕೇಳಲು ಬಂದದ್ದು ಇದು. ಕೆಲವು ಗಂಡುಮಕ್ಕಳು ಹುಟ್ಟುವಾಗಲೇ ಮೂತ್ರದ ದಾರಿಯಲ್ಲಿ ಕೊರತೆ ಇಟ್ಟುಕೊಂಡು ಬರುತ್ತವೆ. ರಂಧ್ರವು ತುದಿಯಲ್ಲಿ ಇರುವುದರ ಬದಲು ಕೆಳಮೈಯಲ್ಲಿ, ಎಲ್ಲೋ ನಡುವೆ ಇರುತ್ತದೆ. ಇದು ಅಪರೂಪದ ಸಂಗತಿಯೂ ಅಲ್ಲವಂತೆ, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಹೀಗೇಕಾಯಿತು ಎಂದು ತಂದೆತಾಯಿ ಕೇಳಿದಾಗ ಚಿತ್ರ ತೋರಿಸಿದರೆ, ಅವರೂ ನನ್ನ ಹಾಗೆಯೇ ಮುಖ ತಿರುಗಿಸುತ್ತಾರೆ. ಕೈಯಲ್ಲಿ ಹಿಡಿದು, ತೆರೆದು, ಮುಚ್ಚಿ ನೋಡುವಂಥ ಬಟ್ಟೆಯ ಮಾದರಿ ಒಂದಿದ್ದರೆ ಹೇಳುವುದು ಸುಲಭವಾಗುತ್ತದೆ.

ಅವರು ಹೇಳಿದ್ದನ್ನು ನಾನು ತಿಳಿದುಕೊಂಡಷ್ಟು ಬರೆಯುತ್ತೇನೆ. ಭ್ರೂಣದಲ್ಲಿ ಮೊದಲು ಒಂದು ಸಣ್ಣ ಉಬ್ಬು ಏಳುತ್ತದೆ. ಅದರ ಕೆಳಮೈಯಲ್ಲಿ ಉದ್ದಕ್ಕೆ ಒಂದು ಕಾಲುವೆ, ಕಾಲುವೆಯ ಎರಡೂ ಬದಿಗೆ ಒಂದೊಂದು ಮಡಿಕೆ. ಹುಡುಗಿಯಾದರೆ ಆ ಮಡಿಕೆಗಳು ತೆರೆದೇ ಉಳಿಯುತ್ತವೆ, ಅದೇ ಸರಿ. ಹುಡುಗನಾದರೆ ಕೂಸಿನ ಮೈಯಲ್ಲೇ ಗಂಡು ಹಾರ್ಮೋನು ಹುಟ್ಟಿ, ಅದರ ಅಪ್ಪಣೆಯಂತೆ ಮಡಿಕೆಗಳು ಬೆಳೆದು ಒಂದನ್ನೊಂದು ಕೂಡುತ್ತವೆ. ಕೂಡುವುದು ಬುಡದಿಂದ ತುದಿಯ ಕಡೆಗೆ. ಕೂಡುತ್ತಾ ಹೋದಂತೆ ಒಳಗೆ ಕೊಳವೆಯಾಗುತ್ತದೆ, ಅದೇ ಮೂತ್ರನಾಳ. ಮೂರನೇ ತಿಂಗಳಲ್ಲಿ ಶುರುವಾಗಿ ನಾಲ್ಕನೆಯದು ಮುಗಿಯುವ ಹೊತ್ತಿಗೆ ಕೆಲಸ ಆಗಿಹೋಗಿರುತ್ತದೆ. ತುದಿಯ ಭಾಗ ಎಲ್ಲಕ್ಕಿಂತ ಕೊನೆಗೆ. ಯಾವುದೋ ಕಾರಣಕ್ಕೆ ಈ ಕೂಡುವಿಕೆ ನಡುವೆ ನಿಂತರೆ, ಎಲ್ಲಿ ನಿಂತಿತೋ ಅಲ್ಲೇ ರಂಧ್ರ ಉಳಿಯುತ್ತದೆ.

"ಯಾಕ ನಿಲ್ಲತೈತಿ?" ಆಕೆ ಕೇಳಿದಳು.

"ಹೆಚ್ಚಿನ ಸಲ ನಮಗೂ ಗೊತ್ತಾಗೂದಿಲ್ಲ. ಒಮ್ಮೊಮ್ಮೆ ಮನೆತನದಾಗ ಬಂದಿರತೈತಿ, ಒಮ್ಮೊಮ್ಮೆ ಹಾರ್ಮೋನು ಕಡಿಮಿ ಬಿದ್ದಿರತೈತಿ. ಗೊತ್ತಿಲ್ಲ ಅಂತ ಹೇಳೂದ ಭಾಳ ತ್ರಾಸಿನ ಕೆಲಸ ನೋಡ್ರಿ. ನಾ ಗೊತ್ತಿಲ್ಲ ಅಂದ್ರ ಮಂದಿ ತಾವ ಒಂದು ಕಾರಣ ಹುಡುಕತಾರ."

ಮೊಳದುದ್ದದ ಮಾದರಿ ಮಾಡುವುದೆಂದು ತೀರ್ಮಾನವಾಯಿತು. ಹೊರಮೈಗೆ ಕಂದು ಕಾಟನ್, ಒಳಗಿನ ಕೊಳವೆಗೆ ಕೆಂಪು ಸ್ಯಾಟಿನ್. ಮಧ್ಯಾಹ್ನ ಗಿರಾಕಿಗಳು ಊಟಕ್ಕೆ ಹೋದ ಹೊತ್ತಿನಲ್ಲಿ ಶಟರು ಅರ್ಧ ಇಳಿಸಿ ಕೆಲಸ ಮಾಡುತ್ತಿದ್ದೆವು. ಆದರೂ ಪಕ್ಕದ ಬಳೆ ಅಂಗಡಿಯವನ ಕಣ್ಣಿಗೆ ಬಿತ್ತು.

"ಏನ್ ಮಾಸ್ತರ, ಆನಿ ಸೊಂಡ್ಲಿ ಹೊಲ್ಯಾಕತ್ತೀರಿ? ಸಾಲಿ ನಾಟಕದ್ದೇನು?"

"ಹೌದು, ಆನಿದ," ಎಂದೆ ನಾನು.

"ಬಾಲಾನೂ ಹೊಲೀತೇವಿ, ಅಳತಿ ಕೊಡಾಕ ನಾಳೆ ನೀವ ಬರ್ರಿ," ಎಂದಳು ಆಕೆ ತಲೆ ಎತ್ತದೆ. ಅವನು ಮತ್ತೆ ಕೇಳಲಿಲ್ಲ.

ಮೊದಲ ಮಾದರಿಗೆ ಆಕೆ ಜಿಪ್ಪು ಇಟ್ಟಳು. ಬುಡದಿಂದ ತುದಿಗೆ ಎಳೆದರೆ ಕಾಲುವೆ ಮುಚ್ಚಿಕೊಂಡು ಕೊಳವೆಯಾಗುತ್ತಿತ್ತು. ನನಗಂತೂ ಅದು ಬಹಳ ಹಿಡಿಸಿತು. ಮುಂದಿನ ವಾರ ಡಾಕ್ಟರ್ ಬಾಯಿ ಎಳೆದು ನೋಡಿ ನಕ್ಕರು. ಮರುಗಳಿಗೆ ನಗು ನಿಂತಿತು.

"ನೋಡಾಕ ಭಾಳ ಚಂದ ಐತಿ. ಆದ್ರ ಇದು ಸುಳ್ಳ ಹೇಳತೈತಿ. ಜಿಪ್ಪು ಮುಚ್ಚಿದ್ದನ್ನ ಮತ್ತ ತಗೀಬಹುದು. ತಾಯಿ ಏನಂತ ತಿಳಕೊಂತಾಳ? ಸರಿಯಾಗಿ ಮುಚ್ಚಿತ್ತು, ನಾ ಏನೋ ಮಾಡಿದ್ದಕ್ಕ ಬಿಚ್ಚಿಹೋತು ಅಂತಾಳ. ಇದು ಬಿಚ್ಚಿದ್ದಲ್ಲ, ಹರದದ್ದೂ ಅಲ್ಲ. ಮುಚ್ಚದ ಉಳದದ್ದು."

ಆಕೆ ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಿರಬೇಕು, ತುಟಿ ಅಲುಗಿತು. ಜಿಪ್ಪನ್ನು ಅವರ ಎದುರಿಗೇ ಕಿತ್ತಳು.

ಒತ್ತುಗುಂಡಿ ಇಟ್ಟು ನೋಡಿದೆವು. ಗುಂಡಿಗುಂಡಿಯ ನಡುವೆ ಬಾಯಿ ಬಿಡುತ್ತಿತ್ತು. ಕೊನೆಗೆ ಆಕೆ ಕೈಹೊಲಿಗೆಗೆ ಬಂದಳು. ಸೀರೆಯ ಅಂಚಿಗೆ ಹಾಕುವ ಗುಪ್ತ ಹೊಲಿಗೆ. ಸೂಜಿ ಒಳಗೇ ನಡೆಯುತ್ತದೆ, ದಾರ ಎಳೆದಾಗ ಎರಡು ಅಂಚು ಒಂದಾಗಿ ಮೇಲೆ ಒಂದು ಗೆರೆಯಷ್ಟೇ ಉಳಿಯುತ್ತದೆ. ಮೊದಲು ಕೆಂಪು ಒಳಬಟ್ಟೆಯನ್ನು ಕೊಳವೆ ಮಾಡಿ, ಅದರ ಮೇಲೆ ಕಂದು ಬಟ್ಟೆ ಮುಚ್ಚಿದಳು. ಅಂಥ ಗೆರೆ ಗಂಡುಮಕ್ಕಳ ಮೈಮೇಲೂ ಜೀವಮಾನವಿಡೀ ಇರುತ್ತದೆ, ಅದು ಈ ಹೊಲಿಗೆಯದೇ ಗುರುತು ಎಂದು ಡಾಕ್ಟರ್ ಬಾಯಿ ಹೇಳಿದಾಗ ನಾನು ಮತ್ತೆ ಅಳತೆಪಟ್ಟಿ ಹುಡುಕಿದೆ.

ನಿಜವಾದ ತೊಡಕು ಬಂದದ್ದು ಅರ್ಧಕ್ಕೆ ನಿಂತ ಮಾದರಿಯಲ್ಲಿ. ಪೂರ್ತಿ ಕೂಡಿದ್ದು ಒಂದು, ನಡುವೆ ನಿಂತದ್ದು ಒಂದು, ಹೀಗೆ ಎರಡು ಬೇಕಾಗಿದ್ದವು. ಒಂದೇ ಅಳತೆಯಲ್ಲಿ ಎರಡನ್ನೂ ಕತ್ತರಿಸಿ ಕೊಟ್ಟೆ. ತುದಿಗೆ ಸುತ್ತಲೂ ಟೊಪ್ಪಿಗೆಯಂತೆ ಮುಚ್ಚುವ ಬಟ್ಟೆ ಇತ್ತು, ಅದು ಮುಂದೊಗಲು. ಪೂರ್ತಿ ಹೊಲಿದದ್ದರಲ್ಲಿ ಅದು ಸುತ್ತಲೂ ಸಮನಾಗಿ ಕುಳಿತಿತು. ಅರ್ಧಕ್ಕೆ ನಿಲ್ಲಿಸಿದ್ದರಲ್ಲಿ ಕೆಳಗಡೆ ಬಟ್ಟೆಯೇ ಇಲ್ಲ. ಎಲ್ಲವೂ ಮೇಲಕ್ಕೆ ಸರಿದು ನೆರಿಗೆ ನೆರಿಗೆಯಾಗಿ ಕುಳಿತುಬಿಟ್ಟಿತು. ಮೇಲಾಗಿ ಇಡೀ ಮಾದರಿ ಕೆಳಕ್ಕೆ ಬಾಗಿತು.

"ನಿಮ್ಮ ಕಟಿಂಗ್ ತಪ್ಪೈತಿ," ಎಂದಳು.

"ಒಂದರ ಮ್ಯಾಲೊಂದು ಇಟ್ಟು ಕತ್ತರಿಸೇನಿ. ನಿನ್ನ ಹೊಲಿಗಿ ಜಗ್ಗೈತಿ."

ಮತ್ತೆ ಕತ್ತರಿಸಿದೆ, ಮತ್ತೆ ಹೊಲಿದಳು. ಮತ್ತೆ ಅದೇ. ಎರಡು ದಿನ ನಮ್ಮಿಬ್ಬರ ನಡುವೆ ಊಟಕ್ಕೆ ಕರೆಯುವಷ್ಟೇ ಮಾತು. ಡಾಕ್ಟರ್ ಬಾಯಿ ಬಂದಾಗ ಆಕೆ ಅದನ್ನು ಮುಂದಿಟ್ಟು, "ತಪ್ಪು ಯಾರದು ನೀವ ಹೇಳ್ರಿ," ಎಂದಳು.

ಅವರು ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿದರು. "ಯಾರದೂ ತಪ್ಪಿಲ್ಲ. ಆ ಮಕ್ಕಳಾಗ ಹಿಂಗ ಇರತೈತಿ. ಕೆಳಗ ಕೂಡಲಿಲ್ಲ ಅಂದ್ರ ತೊಗಲು ಸುತ್ತಿ ಬರೂದಿಲ್ಲ, ಮ್ಯಾಲ ಕುಂದ್ರತೈತಿ. ಹಂಗ ಕೆಳಗ ಬಾಗೂದೂ ಖರೇನ. ನಾ ಇದನ್ನ ಹೇಳೇ ಇರಲಿಲ್ಲ ನಿಮಗ. ಬಟ್ಟಿ ತಾನ ಹೇಳೇತಿ."

ನಾನು ಆಕೆಯ ಕಡೆ ನೋಡಿದೆ. ಆಕೆ ನನ್ನ ಕಡೆ ನೋಡಲಿಲ್ಲ, ಆದರೆ ಅಂದು ಚಹಾಕ್ಕೆ ಸಕ್ಕರೆ ಸರಿಯಾಗಿ ಬಿದ್ದಿತ್ತು.

ಆಗಲೇ ಡಾಕ್ಟರ್ ಬಾಯಿ ಆ ನೆರಿಗೆಯನ್ನು ಬೆರಳಲ್ಲಿ ಹಿಡಿದು ಇನ್ನೊಂದು ಮಾತು ಹೇಳಿದರು. "ಈ ಹೆಚ್ಚಿನ ಬಟ್ಟಿ ಐತೆಲ್ಲ, ಸರ್ಜನ್ನರು ಇದನ್ನ ತಗೊಂಡ ಕೆಳಗಿನ ದಾರಿ ಕಟ್ಟತಾರ. ಅದಕ್ಕ ಇಂಥಾ ಹುಡುಗರಿಗೆ ಮುಂಜಿ ಮಾಡಿಸಬಾರದು. ಮಾಡಿಸಿಕೊಂಡ ಬಂದಬಿಡತಾರ ನೋಡ್ರಿ, ಆಮ್ಯಾಲೆ ಎಲ್ಲಿಂದ ತರೂದು?"

ಮುಂಜಿ ಎಂದರೆ ಸುನ್ನತಿ; ನಮ್ಮಲ್ಲಿ ಗಂಡುಮಕ್ಕಳೆಲ್ಲರಿಗೂ ಮಾಡಿಸುತ್ತೇವೆ. ಆ ಮಾತು ನಮಗೆ ನಾಟಿತು. ನಾಟಿದ್ದಕ್ಕೆ ಇನ್ನೊಂದು ಕಾರಣ ನಮ್ಮ ಕಸುಬು. ಶಾಲೆಯ ಅಂಗಿ ಚಡ್ಡಿ ಹೊಲಿಯುವಾಗ ಒಳಗೆ ಎರಡು ಬೆರಳು ಬಟ್ಟೆ ಮಡಿಸಿ ಬಿಡುತ್ತೇವೆ, ಹುಡುಗ ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಲು. ಹೊರಗಿನವರಿಗೆ ಅದು ಕಾಣುವುದೇ ಇಲ್ಲ. ಚಂದ ಕಾಣಲೆಂದು ಅದನ್ನು ಕತ್ತರಿಸಿ ಒಗೆದ ದರ್ಜಿ ದರ್ಜಿಯೇ ಅಲ್ಲ.

ಮಾದರಿಗಳು ಮುಗಿಯುತ್ತ ಬಂದಿದ್ದವು. ಆ ಹೊತ್ತಿಗೆ ದೊಡವಾಡದ ಅಜ್ಜಿ ಬಂದಳು. ನಮ್ಮ ಹಳೆಯ ಗಿರಾಕಿ. ಇಬ್ಬರು ಮಕ್ಕಳು, ಒಬ್ಬ ಲಾರಿ ಓಡಿಸುತ್ತಾನೆ, ಒಬ್ಬ ಹೊಲ ನೋಡುತ್ತಾನೆ. ಇಬ್ಬರಿಗೂ ಒಂದೊಂದು ಗಂಡುಮಗು, ಆ ಇಬ್ಬರು ಮೊಮ್ಮಕ್ಕಳ ಮುಂಜಿ ಒಂದೇ ದಿನ. ಹಸಿರು ಸ್ಯಾಟಿನ್ನಿನ ಎರಡು ಜುಬ್ಬ, ಮೆತ್ತನೆಯ ಎರಡು ಬಿಳಿ ಲುಂಗಿ ಬೇಕಾಗಿದ್ದವು. ಜೊತೆಗೆ ಕಿರಿಯ ಸೊಸೆ ಬಂದಿದ್ದಳು, ತಲೆಯ ಮೇಲಿನ ಸೆರಗು ಹಣೆಯವರೆಗೆ.

"ನನ್ನ ಮಗಂದು ಸಾಲಿ ಚಡ್ಡಿನೂ ಎರಡು ಹೊಲೀರಿ," ಎಂದಳು ಸೊಸೆ ಮೆಲ್ಲಗೆ. "ಜಿಪ್ಪು ಬ್ಯಾಡ್ರಿ. ಇಲಾಸ್ಟಿಕ್ ಹಾಕ್ರಿ."

"ಸಾಲಿಗಿ ಹೋಗೂ ಹುಡುಗಗ ಇಲಾಸ್ಟಿಕ್ ಯಾಕವಾ?" ಎಂದಳು ನನ್ನ ಹೆಂಡತಿ.

ಸೊಸೆ ನೆಲ ನೋಡಿದಳು. ಉತ್ತರ ಅಜ್ಜಿಯಿಂದ ಬಂತು. "ಅಂವ ಕುಂತ ಹೊಯ್ಯತಾನ. ನಿಂತ್ರ ಕಾಲಿನ ಮ್ಯಾಲ ಬೀಳತೈತಿ. ಅವಂದು ಹುಟ್ಟೂವಾಗನ ಅರ್ಧಾ ಮುಂಜಿ ಆಗೈತಿ, ಫರಿಶ್ತೆ ಮಾಡಿ ಹೋಗ್ಯಾನ. ಉಳದರ್ಧಾ ಈಗ ಖಲೀಫಾ ಮಾಡತಾನ. ಸಂಪಗಾಂವದ ಖಲೀಫಾನ್ನ ಹೇಳೇವಿ."

ಫರಿಶ್ತೆ ಎಂದರೆ ದೇವದೂತ. ಖಲೀಫಾ ಎಂದರೆ ಮುಂಜಿ ಮಾಡುವ ಹಿರಿಯ.

ನನ್ನ ಹೆಂಡತಿಯ ಕೈ ಲುಂಗಿಯ ಬಟ್ಟೆಯ ಮೇಲೆ ನಿಂತಿತು. ಬೇರೇನೂ ತೋಚದವಳಂತೆ, "ಆ ಕತ್ತರಿ ಕೊಡವಾ ಇಲ್ಲೆ," ಎಂದಳು. ಕತ್ತರಿ ಸೊಸೆಯ ಪಕ್ಕದಲ್ಲೇ ಇತ್ತು. ಸೊಸೆ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

ಅಜ್ಜಿ ತಾನೇ ಎದ್ದು ಬಂದು ಕತ್ತರಿ ಎತ್ತಿಕೊಟ್ಟಳು. "ಶುಭಕಾರ್ಯದ ಬಟ್ಟಿಗೆ ಆಕಿ ಕೈಯಾಗ ಕತ್ತರಿ ಬ್ಯಾಡ. ಬಸುರಿದ್ದಾಗ ಗ್ರಹಣದಾಗ ಹೀರಿಕಾಯಿ ಹೆಚ್ಚಿದಾಕಿ. ನಾ ಹೊರಗಿಂದ ಬರೂದರಾಗ ಹೆಚ್ಚಿ ಕುಂತಿದ್ಲು. ಹುಡುಗಗ ತಗಲಿತು."

ಒಂದೇ ಮಗುವಿಗೆ ಎರಡು ಕಾರಣ. ಊರಿಗೆ ಹೇಳಲು ಫರಿಶ್ತೆ, ಮನೆಯಲ್ಲಿ ಹೇಳಲು ಗ್ರಹಣ. ಅಜ್ಜಿ ಕೆಟ್ಟವಳಲ್ಲ. ಆ ಹುಡುಗನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವಳು. ಎರಡನ್ನೂ ಮನಃಪೂರ್ವಕವಾಗಿ ನಂಬಿದ್ದಳು.

"ಅಮ್ಮಾ," ಎಂದಳು ನನ್ನ ಹೆಂಡತಿ, "ಆ ಹುಡುಗನ್ನ ಮೊದಲು ನಮ್ಮ ಡಾಕ್ಟರ್ ಬಾಯಿಗೆ ತೋರಸ್ರಿ. ಅಲ್ಲೀತನಾ ಮುಂಜಿ ಬ್ಯಾಡ."

"ಕಾರ್ಡ ಹಂಚೇವಿ, ಕುರಿ ತಂದೇವಿ. ಮುಂಜಿಗೆ ಡಾಕ್ಟರ್ ಯಾಕ? ನೀ ಜುಬ್ಬಾ ಹೊಲಿ," ಎಂದು ಅಜ್ಜಿ ಎದ್ದಳು.

ಅವರು ಹೋದ ಮೇಲೆ ನನ್ನ ಹೆಂಡತಿ ಡಾಕ್ಟರ್ ಬಾಯಿಗೆ ಫೋನು ಹಚ್ಚಿದಳು. ಅವರ ಮಾತು ನನಗೂ ಕೇಳುತ್ತಿತ್ತು. ನಾ ನೋಡುವತನಕ ಏನೂ ಕತ್ತರಿಸಬಾರದು, ಹೇಗಾದರೂ ತಡೆಯಿರಿ. ಆ ವಾರ ಅವರಿಗೆ ಧಾರವಾಡ ಬಿಟ್ಟು ಬರಲು ಆಗುವಂತಿರಲಿಲ್ಲ. ಹುಡುಗನ ಅಪ್ಪನಿಗೂ ಅವರೇ ಫೋನು ಮಾಡಿ ಮಾತಾಡಿದರಂತೆ. ಅವನು ಹೂಂ ಹೂಂ ಎಂದು, ಅಮ್ಮ ಹೇಳಿದಂತೆ ಎಂದು ಇಟ್ಟುಬಿಟ್ಟನಂತೆ.

ನಾನು ಹೇಳಿದೆ: "ನಮ್ಮ ಕೆಲಸ ಜುಬ್ಬಾ ಹೊಲ್ಯೂದು. ಮಂದಿ ಮನಿ ಮುಂಜಿ ನಮಗ್ಯಾಕ? ಹೇಳೂದು ಹೇಳಿದಿ."

ಆಕೆ ಮಶಿನ್ನಿಗೆ ಕುಳಿತಳು. ಜುಬ್ಬಗಳನ್ನು ಮುಗಿಸಿದಳು. ಬಹಳ ಚೆನ್ನಾಗಿ ಮುಗಿಸಿದಳು, ಅದು ನನಗೆ ನೆನಪಿದೆ. ಕೊರಳಿಗೆ ಜರಿ ಇಟ್ಟಿದ್ದಳು. ಸಿಟ್ಟು ಬಂದಾಗ ಆಕೆಯ ಹೊಲಿಗೆ ಇನ್ನೂ ಸಣ್ಣದಾಗುತ್ತಿತ್ತು. ಮುಂಜಿಯ ಹಿಂದಿನ ದಿನ ಜುಬ್ಬ, ಲುಂಗಿ ಮಡಿಸಿ ಚೀಲಕ್ಕೆ ಹಾಕಿ, ಅವುಗಳ ಕೆಳಗೆ ಪೂರ್ತಿ ಹೊಲಿದ ಮಾದರಿಯನ್ನು ಇಟ್ಟಳು.

"ಬಟ್ಟಿ ಕೊಟ್ಟ ಬರೂಣು ನಡ್ರಿ, ದೊಡವಾಡಕ್ಕ."

"ಅದು ಡಾಕ್ಟರ್ ಬಾಯಿದು. ಹಾಳಾದ್ರ?"

"ಮತ್ತ ಹೊಲಿದ್ರಾತು. ಅದಕ್ಕ ಮತ್ತ ಹೊಲ್ಯಾಕ ಬರತೈತಿ."

ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಕುಳಿತಳು. ದೊಡವಾಡದವರೆಗೂ ಚೀಲ ಮಡಿಲಲ್ಲೇ ಇತ್ತು.

ಆ ಮನೆಯ ಅಂಗಳದಲ್ಲಿ ಪೆಂಡಾಲು ಏಳುತ್ತಿತ್ತು. ನಡುಮನೆಯಲ್ಲಿ ಹೆಂಗಸರು ಕುಳಿತು, ಹುಡುಗರ ಹಣೆಗೆ ಕಟ್ಟುವ ಹೂವಿನ ಶೇರಾ ಹೆಣೆಯುತ್ತಿದ್ದರು. ಖಲೀಫಾ ಕೂಡ ಮುನ್ನಾದಿನವೇ ಬಂದು ಹೊರಕಟ್ಟೆಯ ಮೇಲೆ ಕುಳಿತಿದ್ದ. ಬಿಳಿ ಗಡ್ಡದ, ಕಡಿಮೆ ಮಾತಿನ ಮನುಷ್ಯ. ನಾನು ಅವನ ಪಕ್ಕದಲ್ಲಿ ಕುಳಿತೆ. ಬಾಗಿಲ ಒಳಗಿನದೆಲ್ಲ ಇಬ್ಬರಿಗೂ ಕಾಣುತ್ತಿತ್ತು.

ಆಕೆ ಜುಬ್ಬಗಳನ್ನು ಅಜ್ಜಿಯ ಕೈಗಿತ್ತಳು. ಹೆಂಗಸರೆಲ್ಲ ಜರಿ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಚೀಲದ ತಳದಿಂದ ಮಾದರಿ ತೆಗೆದಳು.

"ಏ, ಇದೇನ ತಂದೀ? ಇಷ್ಟುದ್ದ ಸವತಿಕಾಯಿ!" ಎಂದಳು ಅಜ್ಜಿ. ನಡುಮನೆಯೆಲ್ಲ ನಕ್ಕಿತು. ಒಬ್ಬಳಿಗೆ ತಿಳಿದಿರಬೇಕು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ಇನ್ನೂ ಜೋರಾಯಿತು. ನನ್ನ ಹೆಂಡತಿಯೂ ನಕ್ಕಳು. ಪೂರ್ತಿ ನಕ್ಕು ಮುಗಿಯುವವರೆಗೆ ಕಾದಳು.

"ನಗ್ರಿ, ತಪ್ಪಿಲ್ಲ. ನಮ್ಮ ಮಾಸ್ತರ್ ಹದಿನೈದು ದಿನ ಇದನ್ನ ನೋಡಲಾರದ ಮೇಜಿನ ಬುಡಕ ಕುಂತಿದ್ರು." ಈಗ ಎಲ್ಲರೂ ನನ್ನನ್ನು ನೋಡಿ ನಕ್ಕರು. ನಾನು ಪೆಂಡಾಲಿನ ಕಂಬ ನೋಡಿದೆ.

ನಂತರ ಹೇಳತೊಡಗಿದಳು. ಬೆರಳನ್ನು ಬುಡದಲ್ಲಿಟ್ಟು ಗೆರೆಯ ಗುಂಟ ತುದಿಗೆ ಒಯ್ದಳು. ಎರಡು ತಿಂಗಳಿಗೆ ಹುಡುಗ ಹುಡುಗಿ ಒಂದೇ ಬಟ್ಟೆ. ಮೂರರಲ್ಲಿ ಇಲ್ಲಿಂದ ಕೂಡತೊಡಗುತ್ತದೆ. ನಾಲ್ಕರಲ್ಲಿ ಇಲ್ಲಿಗೆ ಮುಗಿಯುತ್ತದೆ. ಡಾಕ್ಟರ್ ಬಾಯಿ ಹೇಳಿದ್ದನ್ನೇ, ಅದೇ ಸಾಲಿನಲ್ಲಿ, ಕೂಡಿಸದೆ ಬಿಡದೆ ಹೇಳಿದಳು. ಹೆಂಗಸರ ನಗು ನಿಂತಿತ್ತು. ಹೆತ್ತವರಿದ್ದರು ಅಲ್ಲಿ, ತಿಂಗಳ ಲೆಕ್ಕ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಅಮ್ಮಾ, ಗ್ರಹಣ ಆದಾಗ ನಿಮ್ಮ ಸೊಸಿಗೆ ಎಷ್ಟು ತುಂಬಿತ್ತು?"

"ಏಳು ತುಂಬಿತ್ತಲ್ಲ. ಏಳರ ಸತ್ವಾಸಾ ಶಾಸ್ತ್ರ ಮಾಡಿದ್ದಿವಿ, ಮಡಿಲು ತುಂಬಿದ ಹೂವ ಇನ್ನೂ ಬಾಡಿರಲಿಲ್ಲ. ಅದಕ್ಕ ನನಗ ನೆಪ್ಪೈತಿ," ಎಂದ ಅಜ್ಜಿ, ಹೇಳುತ್ತಾ ಹೇಳುತ್ತಾ ನಿಧಾನವಾದಳು.

"ಈ ಹೊಲಿಗಿ ನಾಲ್ಕಕ್ಕ ಮುಗಿಯೂದು. ಗ್ರಹಣ ಬಂದಾಗ ಅಂಗಡಿ ಮುಚ್ಚಿ ಮೂರು ತಿಂಗಳಾಗಿತ್ತು. ಆಕಿ ಹೀರಿಕಾಯಿ ಹೆಚ್ಚಲಿ, ಹಾಗಲಕಾಯಿ ಹೆಚ್ಚಲಿ, ಮುಗಿದ ಹೊಲಿಗಿಗೆ ಏನಾಗತೈತಿ?"

ಹೆಂಗಸರೆಲ್ಲ ಒಳಗಡೆ ತಿರುಗಿ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು.

ಆಕೆ ಚೀಲದಿಂದ ನನ್ನ ಕತ್ತರಿ ತೆಗೆದಳು. ಅದನ್ನು ತಂದದ್ದೇ ನನಗೆ ಗೊತ್ತಿರಲಿಲ್ಲ. ಮಾದರಿಯನ್ನು ಸೊಸೆಯ ಕಡೆ ಚಾಚಿ, ಕತ್ತರಿಯ ಹಿಡಿಯನ್ನೂ ಅವಳ ಕಡೆಗೇ ಮಾಡಿ ಹಿಡಿದಳು.

"ಬಾರವಾ. ನಿನ್ನ ಮಗಂದು ಎಲ್ಲಿಗಿ ನಿಂತೈತಿ, ಅಲ್ಲೀತನಾ ಬಿಟ್ಟು ಮುಂದಿನ ಹೊಲಿಗಿ ಬಿಚ್ಚು. ಎಲ್ಲಿ ಅನ್ನೂದು ನಿನಗ ಅಷ್ಟ ಗೊತ್ತು."

ಸೊಸೆ ಅತ್ತೆಯನ್ನು ನೋಡಿದಳು. ಶುಭಕಾರ್ಯದ ಮನೆ, ನಡುಮನೆ ತುಂಬ ಬಂಧುಗಳು. ಅಜ್ಜಿ ಬೇಡ ಎನ್ನಲು ಬಾಯಿ ತೆರೆದದ್ದನ್ನು ನಾನು ಕಂಡೆ. ನನ್ನ ಹೆಂಡತಿಯ ಕೈ ಅಲುಗಲಿಲ್ಲ. ಆ ಕೈಯನ್ನು ನಾನು ಎಷ್ಟೋ ವರ್ಷ ಸೂಜಿಗೆ ದಾರ ಪೋಣಿಸುವಾಗ ನೋಡಿದ್ದೆ. ಆಗಲೂ ಹೀಗೆಯೇ, ದಾರ ಬರುವವರೆಗೆ ಸೂಜಿ ಅಲುಗುತ್ತಿರಲಿಲ್ಲ.

"ತಗೋ," ಎಂದಳು ಅಜ್ಜಿ ಕೊನೆಗೆ. "ಕೊಡಾಕತ್ತಾಳಲ್ಲ, ತಗೋ."

ಸೊಸೆ ಕುಳಿತು, ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಡಿಸಿದಳು. ಹದಿನೈದು ದಿನದ ಕೈಹೊಲಿಗೆ. ನಡುವೆ ಒಂದು ಕಡೆ ನಿಂತು, "ಇಲ್ಲೀತನಾ," ಎಂದಳು. ಹೊಲಿಗೆ ಬಿಟ್ಟ ಕೂಡಲೇ ಮಾದರಿ ಕೆಳಕ್ಕೆ ಬಾಗಿತು, ತುದಿಯ ಬಟ್ಟೆ ಮೇಲಕ್ಕೆ ಸರಿದು ನೆರಿಗೆಯಾಗಿ ಕುಳಿತಿತು. ಸೊಸೆಯ ಬಾಯಿಂದ ಸಣ್ಣ ಸದ್ದು ಹೊರಟಿತು. "ಹಿಂಗ ಐತಿ," ಎಂದಳು. "ತದ್ವತ್ತ ಹಿಂಗ ಐತಿ."

ನನ್ನ ಹೆಂಡತಿ ಆ ನೆರಿಗೆಯನ್ನು ಹಿಡಿದು ಎತ್ತಿದಳು. "ಅಮ್ಮಾ, ಸಾಲಿ ಚಡ್ಡಿಗೆ ಒಳಗ ಬಟ್ಟಿ ಬಿಡು ಅಂತ ನನಗ ನೀವ ಪ್ರತಿ ಸಲ ಹೇಳತೀರಿ. ದೇವರು ಇಲ್ಲಿ ಬಟ್ಟಿ ಬಿಟ್ಟಾನ. ನಾಳೆ ಇದನ್ನ ಕತ್ತರಿಸಿ ಒಗದ್ರ, ಡಾಕ್ಟರು ಕೆಳಗ ಏನ ಹಚ್ಚಿ ಹೊಲೀಬೇಕು?"

ಅಜ್ಜಿ ಆ ನೆರಿಗೆಯನ್ನು ತಾನೇ ಮುಟ್ಟಿ ನೋಡಿದಳು. ಆಮೇಲೆ ಬಂದದ್ದು ನಿಜವಾದ ಕಷ್ಟ. "ಇಬ್ಬರಿಗೂ ಅಂತ ಹೇಳೇವಿ. ಒಬ್ಬಾಂವಗ ಮಾಡಿ ಒಬ್ಬಾಂವಗ ಬಿಟ್ರ ಮಂದಿ ಏನಂದಾರು? ಇವನ ಮುಂಜಿ ಯಾವಾಗ ಆಗೂದು?"

"ಇಬ್ಬರಿಗೂ ಜುಬ್ಬಾ ಹಾಕ್ರಿ, ಇಬ್ಬರಿಗೂ ಶೇರಾ ಕಟ್ರಿ. ಇವಂದು ಆಪರೇಶನ್ನದಾಗ ಅವರು ಆ ತೊಗಲ ತಗೊಂಡ ಹೊಲೀತಾರ, ಅದರಾಗ ಮುಂಜಿನೂ ಆಗಿಹೋಗತೈತಿ. ಅರ್ಧಾ ಫರಿಶ್ತೆ ಮಾಡ್ಯಾನ, ಉಳದರ್ಧಾ ಡಾಕ್ಟರ್ ಮಾಡ್ಲಿ."

ಅಜ್ಜಿ ಹೊರಕಟ್ಟೆಯ ಕಡೆ ತಿರುಗಿ, "ಏನಂತೀ ಖಲೀಫಾ?" ಎಂದಳು.

ಅವನು ಗಡ್ಡ ಸವರುತ್ತಾ ಮಾದರಿಯನ್ನೇ ನೋಡುತ್ತಿದ್ದ. "ಒಬ್ಬಾಂವಗ ಅಷ್ಟ ಮಾಡತೇನಿ," ಎಂದ. ಆಮೇಲೆ ನನ್ನ ಕಡೆ ಬಾಗಿ, ನನಗೆ ಮಾತ್ರ ಕೇಳುವಂತೆ, "ಮಾಸ್ತರ, ಹಿಂದ ಇಂಥಾವು ಕೆಲವು ನನ್ನ ಕೈಯಾಗ ಆಗ್ಯಾವು. ಅವಕ್ಕ ಈಗ ಏನಾರ ಇಲಾಜ ಐತೇನು?" ಎಂದ. ಕೆನ್ನೆಯ ಒಳಗಿನ ಪದರ ತೆಗೆದು ಹಚ್ಚುತ್ತಾರೆಂದು ಡಾಕ್ಟರ್ ಬಾಯಿ ಒಮ್ಮೆ ಹೇಳಿದ್ದರು. ಅದನ್ನೇ ಹೇಳಿದೆ. "ಅವರ ಮನಿಗೋಳು ನನಗ ಗೊತ್ತಾವು," ಎಂದ ಅವನು. ಮುಂದೆ ಅವರಲ್ಲಿ ಇಬ್ಬರನ್ನು ಅವನೇ ಕರೆತಂದನೆಂದು ಡಾಕ್ಟರ್ ಬಾಯಿ ಹೇಳಿದರು.

ನಾವು ಹೊರಡುವಾಗ ಅಜ್ಜಿ ಒಂದು ಕಲ್ಲಂಗಡಿ ತರಿಸಿದಳು. ಈಳಿಗೆಯನ್ನು ಕಾಲಿನಿಂದ ಸೊಸೆಯ ಕಡೆ ಸರಿಸಿ, "ಹೆಚ್ಚು. ದೂರದಿಂದ ಬಂದಾರ," ಎಂದಳು. ಅಷ್ಟೇ. ಅದಕ್ಕಿಂತ ಹೆಚ್ಚಿನ ಮಾತು ಆ ಮನೆಯಲ್ಲಿ ಆಗಲಿಲ್ಲ. ಸೊಸೆ ಹೆಚ್ಚಿದ ಹೋಳುಗಳಿಗೆ ಒಂದಕ್ಕೊಂದು ಹೊಂದಿಕೆ ಇರಲಿಲ್ಲ. ನನ್ನ ಹೆಂಡತಿ ಎರಡು ಹೋಳು ತಿಂದಳು.

ಬಿಚ್ಚಿದ ಮಾದರಿಯನ್ನು ಡಾಕ್ಟರ್ ಬಾಯಿ ಹಾಗೆಯೇ ಇಟ್ಟುಕೊಂಡರು. ಅದಕ್ಕೆ ಸೂಜಿ ದಾರ ಕಟ್ಟಿಟ್ಟಿದ್ದಾರೆ. ಬಂದ ತಾಯಂದಿರ ಕೈಯಲ್ಲೇ ಬುಡದಿಂದ ಹೊಲಿಸಿ, ಕೂಸಿನದು ನಿಂತ ಕಡೆ ನಿಲ್ಲಿಸುತ್ತಾರೆ.

ಮಳೆಗಾಲ ಕಳೆದ ಮೇಲೆ ಹುಡುಗನ ಆಪರೇಶನ್ ಆಯಿತು. ಒಂದೇ ಸಲಕ್ಕೆ ಸರಿಹೋಗಲಿಲ್ಲ. ಹೊಲಿದ ದಾರಿಯಲ್ಲಿ ಒಂದು ಕಡೆ ಸಣ್ಣ ತೂತು ಉಳಿದು ಸೋರತೊಡಗಿತು. ಹಾಗಾಗುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರೂ ಅಜ್ಜಿ ನೇರ ನಮ್ಮ ಅಂಗಡಿಗೆ ಬಂದು ಜಗಳ ತೆಗೆದಳು.

"ನಿನ್ನ ಡಾಕ್ಟರ್ ಹೊಲಿಗಿ ಸೋರಾಕತ್ತೈತಿ!"

ಆಗಲೇ ನನ್ನ ಹೆಂಡತಿಗೆ ಮಶಿನ್ ತುಳಿಯಲು ಉಸಿರು ಸಾಲುತ್ತಿರಲಿಲ್ಲ. ಗೋಡೆಗೆ ಒರಗಿ ಕುಳಿತೇ ಹೇಳಿದಳು. "ಅಮ್ಮಾ, ನಾ ಹೊಲಿದ ನಿಮ್ಮ ಮೊದಲನೇ ಝಂಪರ್ ಬಗಲಾಗ ಹರದಿತ್ತು. ಮತ್ತ ತಂದ್ರಿ, ಮತ್ತ ಹಾ‌ಕಿಕೊಟ್ಟೆ. ಮತ್ತ ಹೊಲಿಸಿದ್ರಾತು. ಬಟ್ಟಿ ಐತೆಲ್ಲ ಇನ್ನೂ."

ಅಜ್ಜಿಯ ಸಿಟ್ಟು ಇಳಿಯಿತು. ಆಕೆಯ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ ಇರಬೇಕು. "ನಿನಗೇನಾಗೈತಿ?" ಎಂದು ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು.

ಎರಡನೆಯ ಆಪರೇಶನ್ ಆಗುವ ಮೊದಲೇ ನನ್ನ ಹೆಂಡತಿ ಹೋದಳು.

ಆಮೇಲೆ ನಾನು ಅಂಗಡಿ ತೆರೆದೆ, ಆದರೆ ಅರ್ಧ. ಕಟಿಂಗ್ ಮಾಡುತ್ತಿದ್ದೆ, ಮೂಲೆಯ ಹಳೆಯ ಕೈಮಶಿನ್ನಿನಲ್ಲಿ ನೇರ ಹೊಲಿಗೆ ಹಾಕುತ್ತಿದ್ದೆ. ಜಿಪ್ಪಿನ ಕೆಲಸ ಬಂದರೆ ಮೂರನೇ ಅಂಗಡಿಯವನಿಗೆ ಕೊಟ್ಟುಬಿಡುತ್ತಿದ್ದೆ. ಆಕೆಯ ಮಶಿನ್ನಿನ ಮೇಲೆ ಬಟ್ಟೆ ಹೊದಿಸಿತ್ತು.

ಶಾಲೆಗಳು ಶುರುವಾಗುವ ಹೊತ್ತಿಗೆ ಅಜ್ಜಿ ಬಂದಳು. ಆಕೆ ಸತ್ತಾಗ ಬಂದು ಅತ್ತು ಹೋಗಿದ್ದಳು, ಅಂಗಡಿಗೆ ಬಂದದ್ದು ಆಮೇಲೆ ಇದೇ ಮೊದಲು. ಹೊದಿಸಿದ ಮಶಿನ್ನನ್ನು ನೋಡಿ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಳು. ಆಮೇಲೆ ನೀಲಿ ಬಟ್ಟೆಯ ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟಳು.

"ಮೊಮ್ಮಗಂದು ಸಾಲಿ ಚಡ್ಡಿ. ಒಳಗ ಬಟ್ಟಿ ಬಿಡು."

"ಹುಡುಗ ಹೆಂಗದಾನಮ್ಮಾ?"

"ಏನ ಕೇಳತೀ ಅವನ ಸುದ್ದಿ! ಎರಡನೇ ಆಪರೇಶನ್ ಆದಾಗಿಂದ ಒಂದ ಗ್ವಾಡಿ ಬಿಡವಲ್ಲ. ನಿಂತ ಹೊಯ್ಯತಾನ, ಗೆಳ್ಯಾರ ಜೋಡಿ ಪೈಜ ಕಟ್ಟಿ ಹೊಯ್ಯತಾನ. ಓಣ್ಯಾಗ ಮಂದಿ ಬಂದು ತಕರಾರು ಹೇಳತಾರ. ಬೈದು ಬೈದು ನನ್ನ ಗಂಟ್ಲ ಬಿದ್ದೈತಿ." ಹೇಳುತ್ತಾ ಅಜ್ಜಿ ನಗುತ್ತಿದ್ದಳು, ಸೆರಗಿನಿಂದ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದಳು. "ಇಲಾಸ್ಟಿಕ್ ಬ್ಯಾಡ ಅಂತ ಹಟ ಹಿಡದಾನ. ಮುಂದ ಜಿಪ್ಪು ಇಡು."

ಮೂರನೇ ಅಂಗಡಿಯವನ ಹೆಸರು ನನ್ನ ಬಾಯಿಗೆ ಬಂದಿತ್ತು. ಹೇಳಲಿಲ್ಲ.

ಮಶಿನ್ನಿನ ಮೇಲಿನ ಹೊದಿಕೆ ತೆಗೆದು, ಎಣ್ಣೆ ಬಿಟ್ಟು ಕುಳಿತೆ. ಜಿಪ್ಪು ಇಡುವಾಗ ಆಕೆ ಮೊದಲು ಕಚ್ಚಾ ಟಾಕಿ, ಅಂದರೆ ಬಟ್ಟೆ ಸರಿಯದಂತೆ ಹಿಡಿಯುವ ಕೈಹೊಲಿಗೆ, ಹಾಕುತ್ತಿದ್ದಳು, ಬುಡದಿಂದ ಮೇಲಕ್ಕೆ. ನಾನು ಯಾವಾಗಲೂ ಅವಸರಕ್ಕೆ ಅದನ್ನು ಬಿಡುತ್ತಿದ್ದೆ, ಅದಕ್ಕೇ ಅದು ಹಾವಾಗುತ್ತಿತ್ತು. ಈ ಸಲ ಬಿಡಲಿಲ್ಲ. ಎರಡು ಸಲ ಬಿಚ್ಚಿ, ಮೂರನೆಯ ಸಲ ಹಾಕಿದೆ. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೆ. ಆಮೇಲೆ ಚಡ್ಡಿಯನ್ನು ಬೆಳಕಿಗೆ ಹಿಡಿದು ಜಿಪ್ಪನ್ನು ಕೆಳಗಿನಿಂದ ಮೇಲಕ್ಕೆ ಎಳೆದು ನೋಡಿದೆ.

ನಡುವೆ ಎಲ್ಲೂ ನಿಲ್ಲಲಿಲ್ಲ.